ಬೀಗರು ಎಲೆ ಬಿಟ್ಟು ಎದ್ದ ದಿನ

ಹಾಡು ಎತ್ತುವ ಮೊದಲು ಸಾವಂತ್ರೆವ್ವ ತಲೆಯ ಮೇಲಿನ ಸೆರಗನ್ನು ಎಡಗಿವಿಯ ಹಿಂದಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದಳು. ಅಷ್ಟಾದ ಮೇಲೆಯೇ ಬಾಯಿ ತೆರೆಯುವುದು. ನಮ್ಮೂರಿನ ಯಾವ ಮದುವೆಯನ್ನು ನೆನೆದರೂ ನನ್ನ ಕಣ್ಣಿಗೆ ಮೊದಲು ಬರುವುದು ಹಂದರವಲ್ಲ, ಮದುಮಕ್ಕಳಲ್ಲ, ಸೆರಗಿನಿಂದ ಹೊರಬಿದ್ದ ಆ ಕಿವಿ ಮತ್ತು ಅದರ ಮೇಲಂಚಿನಲ್ಲಿ ತೂಗುತ್ತಿದ್ದ ಸವೆದ ಬುಗುಡಿ. ಬುಗುಡಿ ತೋರಿಸಲಿಕ್ಕೆ ಹಾಗೆ ಮಾಡುತ್ತಾಳೆ ಎಂದು ಊರ ಹೆಂಗಸರು ಆಡಿಕೊಳ್ಳುತ್ತಿದ್ದರು. ನಾನೊಮ್ಮೆ ನೇರವಾಗಿಯೇ ಕೇಳಿದ್ದೆ.

"ನನ್ನ ದನಿ ನನಗ ಗೊತ್ತೈತಿ ಬಿಡ," ಅಂದಿದ್ದಳು. "ಎದುರಿನಾಕಿ ಏನಂತಾಳ ಅನ್ನೂದು ಕೇಳಬೇಕಲ್ಲ? ಹಾಡೂದಂದ್ರ ಅರ್ಧ ಕೇಳೂದು."

ಸಾವಂತ್ರೆವ್ವ ನನ್ನ ತಾಯಿಯ ಅಕ್ಕ, ನನಗೆ ದೊಡ್ಡವ್ವ. ಆದರೆ ಊರಿಗೆಲ್ಲ ಆಕೆ ಸಾವಂತ್ರೆವ್ವನೇ ಆಗಿದ್ದರಿಂದ ನನ್ನ ಬಾಯಲ್ಲೂ ಹೆಸರೇ ನಿಂತುಬಿಟ್ಟಿದೆ. ಆಕೆಯ ಗಂಡ, ಮದುವೆಯಾದ ಹೊಸತರಲ್ಲಿ, "ಇಲ್ಲೇ ಹೋಗಿ ಬರ್ತೀನಿ" ಎಂದು ಹೋದವನು. ನಾನು ಕಂಡ ಕಾಲಕ್ಕೂ ಅವನು ಬರುತ್ತಲೇ ಇದ್ದ. ಹೀಗಾಗಿ ಆಕೆ ಅತ್ತ ಮುತ್ತೈದೆಯೂ ಅಲ್ಲ, ಇತ್ತ ವಿಧವೆಯೂ ಅಲ್ಲ. ಊರ ಹಿರಿಯರಿಗೆ ಇದೊಂದು ತಲೆನೋವು. ಕೊನೆಗೆ ಅವರೇ ಕೂತು ಒಂದು ದಾರಿ ಕಂಡುಕೊಂಡರು: ಸಾವಂತ್ರೆವ್ವ ಆರತಿ ತಟ್ಟೆ ಮುಟ್ಟಬಾರದು, ಹಾಡು ಮಾತ್ರ ಹಾಡಬಹುದು. ಕೈಗೆ ಮೈಲಿಗೆ, ಗಂಟಲಿಗೆ ಮಡಿ! ಇಂಥ ಬುದ್ಧಿ ಪಂಚರಿಗಲ್ಲದೆ ಬೇರೆ ಯಾರಿಗೆ ಹೊಳೆದೀತು? ಆಕೆ ನಕ್ಕು ಒಪ್ಪಿಕೊಂಡಳು. ತಮ್ಮ ರಾಚಪ್ಪನ ಮನೆಯಲ್ಲಿ ದುಡಿದು ಉಂಡುಕೊಂಡು, ಕರೆದ ಮದುವೆಗೆಲ್ಲ ಹೋಗಿ ಹಾಡಿದಳು. ನಾನು ಅದೇ ಊರಿನಲ್ಲಿ ಸಂಸಾರ ಹೂಡಿದವಳು. ಆಕೆಯ ಮಗ್ಗುಲಲ್ಲಿ ಕೂತು ಸೊಲ್ಲಿಗೆ ಸೊಲ್ಲು ಕೂಡಿಸುತ್ತಿದ್ದೆ.

ರಾಚಪ್ಪನಿಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ಗೌರವ್ವ, ಚಿಕ್ಕವಳು ಕಸ್ತೂರಿ. ಗೌರವ್ವನನ್ನು ನೆರೆಯೂರಿನ ಗಚ್ಚಿನ ಮನೆಯವರಿಗೆ ಕೊಟ್ಟಿದ್ದರು. ಆ ಊರಿಗೆ ಮೊದಲು ಗಚ್ಚು ಗಾರೆ ಹಾಕಿ ಮನೆ ಕಟ್ಟಿದವರು ಎಂಬ ಒಂದೇ ಕಾರಣಕ್ಕೆ ತಲೆ ಎತ್ತಿ ನಡೆಯುವ ಜನ. ಯಜಮಾನ ಅಡಿವೆಪ್ಪನಿಗೆ ಊರ ಹಿರೇತನ ಬಂದಮೇಲಂತೂ ಜರಿಯ ಪಟಗ ತಲೆಯಿಂದ ಇಳಿದದ್ದನ್ನು ಕಂಡವರಿಲ್ಲ. ಗೌರವ್ವನಿಗೆ ಒಂದು ಹೆಣ್ಣು ಕೂಸಾಗಿತ್ತು, ಚಂಪಾ. ಎರಡನೆಯ ಹೆರಿಗೆಯ ದಿನ ತುಂಬುತ್ತ ಬಂದಿತ್ತು. ತವರಿಗೆ ಕರೆತರಲು ಹೋದವರನ್ನು "ಇಲ್ಲೇ ಆಗ್ಲಿ, ನಮ್ಮಲ್ಲೇನು ಕಡಿಮಿ ಐತಿ" ಎಂದು ಹಿಂದಕ್ಕೆ ಕಳಿಸಿದ್ದರು. ಆಮೇಲೆ ಬಂದದ್ದು ಸಾವಿನ ಸುದ್ದಿ.

ನಾವು ಹೋಗಿ ಮುಟ್ಟುವ ಹೊತ್ತಿಗೆ ಮಣ್ಣು ಮುಗಿದಿತ್ತು. ತಾಯಿ ಮಗಳ ಮುಖ ನೋಡಲಿಲ್ಲ. ಯಾಕೆ ಕಾಯಲಿಲ್ಲ ಎಂದರೆ, ಬಿಸಿಲು ಅಂದರು. ಏನಾಗಿತ್ತು ಎಂದರೆ ಅತ್ತೆ ಜ್ವರ ಅಂದಳು, ಗಂಡ ಸನ್ನಿ ಅಂದ, ಮಾವ ಅಡಿವೆಪ್ಪ ಎದೆ ಹಿಡಿದುಕೊಂಡಿತು ಅಂದ. ಒಬ್ಬ ಹುಡುಗಿ ಎಷ್ಟು ರೋಗದಿಂದ ಸಾಯಬಹುದು? ಹೊಟ್ಟೆಯ ಕೂಸಿನ ಮಾತನ್ನು ಯಾರೂ ಎತ್ತಲೇ ಇಲ್ಲ. ಹಿಂದಕ್ಕೆ ಬರುವ ದಾರಿಯಲ್ಲಿ ಬಂಡಿಯಲ್ಲಿ ಕೂತೇ ಸಾವಂತ್ರೆವ್ವ ತಮ್ಮನಿಗೆ ಹೇಳಿದಳು:

"ತಮ್ಮಾ, ಮೂರು ಬಾಯಿ ಮೂರು ಮಾತು ಆಡ್ಯಾವು. ನಮ್ಮ ಹುಡುಗಿ ಹೆಂಗ ಸತ್ಲು ಅಂತ ಒಂದ ಮಾತು ಕೇಳು."

"ಕೇಳಿದ್ರ ಹೋದಾಕಿ ಬರ್ತಾಳೇನಕ್ಕಾ?" ಅಂದ ರಾಚಪ್ಪ. "ದೊಡ್ಡ ಮನೆತನ. ಮಾತು ಬೆಳಸಬ್ಯಾಡ."

ಆಕೆ ಚಾವಡಿಗೂ ಹೋದಳು. ಅಲ್ಲಿ ಎಲೆ ಅಡಿಕೆ ಮೆಲ್ಲುತ್ತ ಕೂತಿದ್ದವರಲ್ಲಿ ಒಬ್ಬ ಅಂದನಂತೆ: "ಇಂಥಾವೆಲ್ಲಾ ಗಂಡಸರು ಕೂತು ಆಡೂ ಮಾತು. ನೀ ಹಾಡು ಹಾಡವ್ವ, ನ್ಯಾಯ ನಾವು ಮಾಡ್ತೀವಿ." ಮಾಡಿದ್ದರೆ ನಾನಿದನ್ನು ಬರೆಯುವ ಅಗತ್ಯವೇ ಬೀಳುತ್ತಿರಲಿಲ್ಲ. ಗಂಡಸರು ಕೂತು ಬಾಯಿ ಮುಚ್ಚಿಕೊಂಡರೆ ಅದಕ್ಕೆ ಗಾಂಭೀರ್ಯ ಅನ್ನುತ್ತಾರೆ. ಹೆಂಗಸು ಬಾಯಿ ಬಿಟ್ಟರೆ ಬಾಯಿಬಡುಕಿ. ಇಂದಿಗೂ ನೆನೆದರೆ ನನ್ನ ಮೈ ಉರಿಯುತ್ತದೆ.

ವರ್ಷ ತುಂಬುವ ಮೊದಲೇ ಅಡಿವೆಪ್ಪ ತಾನಾಗಿ ಬಂದ. ರಾಚಪ್ಪನ ಪಡಸಾಲೆಯಲ್ಲಿ ಜಮಖಾನೆಯ ಮೇಲೆ ಕೂತು, ಕಣ್ಣು ಒರೆಸಿಕೊಂಡು, ಕಸ್ತೂರಿಯನ್ನು ತನ್ನ ಅದೇ ಮಗನಿಗೆ ಕೇಳಿದ.

"ಕೂಸಿನ ಸಲುವಾಗಿ ಬಂದೀನ್ರಿ ಬೀಗ್ರ. ಮಲತಾಯಿ ಬಂದ್ರ ಆ ತಬ್ಬಲಿ ಕೂಸಿನ ಗತಿ ಏನು? ಚಿಗವ್ವ ಆದ್ರ ರಕ್ತ ಸಂಬಂಧ. ನನಗ ಬ್ಯಾರೆ ಏನೂ ಬ್ಯಾಡ. ಕೂಸಿನ ಸಲುವಾಗಿ."

ಕೂಸಿನ ಸಲುವಾಗಿ, ಕೂಸಿನ ಸಲುವಾಗಿ. ಆ ಮಾತು ಊರೆಲ್ಲ ತಿರುಗಿತು. ಎಂಥ ದೊಡ್ಡ ಮನಸ್ಸು ಎಂದು ಚಾವಡಿ ತಲೆದೂಗಿತು. ರಾಚಪ್ಪ ಅಲ್ಲಿಯೇ ಎಲೆ ಅಡಿಕೆ ಬದಲಾಯಿಸಿಕೊಂಡ. ಒಳಗಿನಿಂದ ಕಸ್ತೂರಿ ಬಂದು, ಬೀಗರು ಇನ್ನೂ ಅಂಗಳದಲ್ಲಿ ಚಪ್ಪಲಿ ಹುಡುಕುತ್ತಿರುವಾಗಲೇ, "ಅಪ್ಪಾ, ನಾ ಒಲ್ಲೆ" ಅಂದಳು. "ನಿನ್ನ ಯಾರು ಕೇಳಿದ್ರು?" ಅಂದ ರಾಚಪ್ಪ. ಅವನೇನೂ ಸಿಟ್ಟಿನಿಂದ ಹೇಳಲಿಲ್ಲ. ನಿಜವಾಗಿಯೂ ಯಾರೂ ಕೇಳಿರಲಿಲ್ಲ, ಅದನ್ನೇ ಹೇಳಿದ. ಕಸ್ತೂರಿಯ ತಾಯಿ ಬಾಗಿಲಲ್ಲಿ ನಿಂತು ಕೇಳಿಸಿಕೊಂಡು, ಒಲೆ ನೋಡಲು ಒಳಗೆ ಹೋದಳು. ಆ ತಾಯಿ ಹಿರಿಮಗಳ ಸುದ್ದಿ ಬಂದಂದಿನಿಂದ ಹೆಚ್ಚು ಮಾತೇ ಆಡುತ್ತಿರಲಿಲ್ಲ.

ಅದರ ಮಾರನೆಯ ದಿನವೋ ಏನೋ, ಹಿತ್ತಲಲ್ಲಿ ಸಾವಂತ್ರೆವ್ವನೂ ನಾನೂ ಹೆಸರುಕಾಳು ಒಡೆಯುತ್ತ ಕೂತಿದ್ದೆವು. ಕಸ್ತೂರಿ ಬಂದು ಬೀಸುಕಲ್ಲಿನ ಗೂಟವನ್ನು ಹಿಡಿದು ನಿಲ್ಲಿಸಿದಳು.

"ಅತ್ತೀ, ಅಕ್ಕ ಹೆಂಗ ಸತ್ಲು ಅನ್ನೂದನ್ನ ಅವರ ಬಾಯಿಂದ ಹೇಳಸು. ಅಷ್ಟು ಹೇಳಿಸಿದ ಮ್ಯಾಲೂ ನಮ್ಮಪ್ಪ ಹೋಗು ಅಂದ್ರ ಹೋಗ್ತೀನಿ. ಕಣ್ಣು ಕಟ್ಟಿಕೊಂಡು ಮಾತ್ರ ಹೋಗಾಕ ಒಲ್ಲೆ."

"ನನಗ ಯಾರು ಹೇಳ್ತಾರವ್ವಾ?" ಅಂದಳು ಸಾವಂತ್ರೆವ್ವ. "ನಿಮ್ಮಪ್ಪಗ ಕೇಳಿದೆ, ಚಾವಡಿಗಿ ಕೇಳಿದೆ. ಮಾತಿನ್ಯಾಗ ಕೇಳಾಕ ನನಗ ಅಧಿಕಾರ ಇಲ್ಲಂತ."

ಹೀಗೆ ಅಂದವಳು, ಅಂದ ಮಾತನ್ನು ತಾನೇ ಹೊಸದಾಗಿ ಕೇಳಿಸಿಕೊಂಡವಳ ಹಾಗೆ ಸೆರಗನ್ನು ಎಡಗಿವಿಯ ಹಿಂದಕ್ಕೆ ಸಿಕ್ಕಿಸಿಕೊಂಡಳು. ಆಮೇಲೆ ಕಸ್ತೂರಿಯ ಕೈಯನ್ನು ಗೂಟದಿಂದ ಮೆಲ್ಲಗೆ ಬಿಡಿಸಿ ಮತ್ತೆ ಕಾಳು ಹಾಕತೊಡಗಿದಳು.

ಇಲ್ಲಿ ನಮ್ಮ ಕಡೆಯ ಒಂದು ಪದ್ಧತಿಯನ್ನು ಹೇಳಬೇಕು. ಅಕ್ಕಿಕಾಳು ಬೀಳುವ, ಅಂದರೆ ತಾಳಿ ಕಟ್ಟುವ, ಹಿಂದಿನ ದಿನ ಗಂಡಿನವರ ದಿಬ್ಬಣ ಬರುತ್ತದೆ. ಅವರನ್ನು ಎದುರುಗೊಂಡು, ಹಂದರದಲ್ಲಿ ಕೂರಿಸಿ, ಮೊದಲ ಊಟ ಬಡಿಸುತ್ತಾರೆ. ಆಗ ಹೆಣ್ಣಿನ ಕಡೆಯ ಹೆಂಗಸರು ಎದುರು ಕೂತು ಬೀಗರ ಹಾಡು ಹಾಡುತ್ತಾರೆ. ಬೀಗನ ಮೀಸೆ, ಬೀಗತಿಯ ನಡಿಗೆ, ಅಳಿಯನ ಮೂಗು ಯಾವುದನ್ನೂ ಬಿಡುವುದಿಲ್ಲ. ಗಂಡಿನ ಕಡೆಯ ಹೆಂಗಸರು ಹಾಡಿನಲ್ಲೇ ತಿರುಗಿ ಉತ್ತರ ಕೊಡಬೇಕು, ಕೊಡದಿದ್ದರೆ ಸೋತಂತೆ. ಹಾಡಿಗೆ ಸಿಟ್ಟಾದವನು ಬೀಗನೇ ಅಲ್ಲ ಎಂದು ಗಾದೆ ಮಾತಿತ್ತು. ಹೆಣ್ಣಿನವರು ಮಂಗಳ ಹಾಡುವ ತನಕ ಉಣ್ಣುವವರು ಎಲೆ ಬಿಟ್ಟು ಏಳುವಂತಿಲ್ಲ, ಹಾಡಿನ ನಡುವೆ ವಾದ್ಯ ಊದುವಂತಿಲ್ಲ. ವರ್ಷವಿಡೀ ಮುಚ್ಚಿಸಿದ ಬಾಯಿಗೆ ಒಂದು ಊಟದ ಮಟ್ಟಿಗೆ ಕೊಟ್ಟ ಸ್ವಾತಂತ್ರ್ಯ ಅದು. ಗಂಡಸರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಕೈತುತ್ತಿನ ಜೊತೆ ಉಪ್ಪಿನಕಾಯಿ ಇದ್ದಂತೆ ಎಂದುಕೊಂಡಿದ್ದರು.

ರಾಚಪ್ಪ ತನ್ನ ಅಕ್ಕನನ್ನು ಬಲ್ಲವನು. "ಈ ಮದುವ್ಯಾಗ ಬೀಗರ ಹಾಡು ಬ್ಯಾಡ. ಸಾವಾದ ಸಂಬಂಧ, ನಗಿ ಚಾಷ್ಟಿ ಚಂದ ಕಾಣೂದಿಲ್ಲ" ಎಂದು ಮೊದಲೇ ಕಟ್ಟುಮಾಡಿದ. ಸಾವಂತ್ರೆವ್ವ ಹೂಂ ಅಂದಳು. ಆದರೆ ಸುದ್ದಿ ಗಚ್ಚಿನ ಮನೆಗೆ ಮುಟ್ಟಿತು, ಅಡಿವೆಪ್ಪ ಕೆರಳಿದ. ಹಾಡಿಲ್ಲದ ಊಟವೇ? ಬೀಗರ ಹಾಡು ಹಾಡದಿರುವುದೆಂದರೆ ಬಂದವರನ್ನು ಬೀಗರೆಂದು ಲೆಕ್ಕಕ್ಕೇ ಹಿಡಿಯಲಿಲ್ಲ ಎಂದು ಅರ್ಥ. ನಾಳೆ ಸುತ್ತಿನ ಊರವರು, ಸತ್ತವಳ ವಿಷಯದಲ್ಲಿ ಏನೋ ಇರಬೇಕು, ಅದಕ್ಕೇ ಹಾಡಿಸಲಿಲ್ಲ ಅನ್ನುವುದಿಲ್ಲವೇ? "ಹಾಡಿಸಬೇಕು, ಅದೂ ಸಾವಂತ್ರೆವ್ವನ ಕಡಿಂದನ ಹಾಡಿಸಬೇಕು. ಇಲ್ಲಾಂದ್ರ ದಿಬ್ಬಣ ಹೊರಡೂದಿಲ್ಲ" ಎಂದು ಆಳಿನ ಕೈಲಿ ಹೇಳಿ ಕಳಿಸಿದ. ತನ್ನ ಮರ್ಯಾದೆಯ ಆಸೆಗೆ ಆಕೆಯನ್ನು ತಾನೇ ಎದುರಿಗೆ ಕರೆದು ಕೂರಿಸಿಕೊಂಡ. ಆಳು ಹೇಳಿದ್ದನ್ನು ರಾಚಪ್ಪ ಪೆಚ್ಚುಮೋರೆಯಲ್ಲಿ ಒಳಗೆ ಬಂದು ಹೇಳಿದಾಗ ಸಾವಂತ್ರೆವ್ವ, "ಹಿರೇತನದವರು ಹೇಳಿದ ಮ್ಯಾಲೆ ಮೀರೂದು ಹೆಂಗ?" ಅಂದಳು.

ದಿಬ್ಬಣ ಬಂತು. ಕಸ್ತೂರಿಗೆ ಅರಿಷಿಣ ಹಚ್ಚಿ, ಕೈಗೆ ಕಂಕಣ ಕಟ್ಟಿ ಕೋಣೆಯಲ್ಲಿ ಕೂರಿಸಿದ್ದರು. ಬಾಗಿಲು ಹಂದರದ ಕಡೆಗೇ ತೆರೆದಿತ್ತು. ಒಂದು ಸಾಲಿನಲ್ಲಿ ಅಡಿವೆಪ್ಪ, ಮದುಮಗ, ಅವರ ಕಡೆಯ ಗಂಡಸರು. ಪಕ್ಕದ ಸಾಲಿನಲ್ಲಿ ಬೀಗತಿ ಮತ್ತು ಅವರ ಹೆಂಗಸರು. ಮೂಲೆಯಲ್ಲಿ ಅವರೇ ಕರೆತಂದ ಸನಾದಿಯವರು. ಹಿಂದೆ, ಹಂದರದ ಕಂಬಕ್ಕೆ ಒರಗಿ, ಪುಟ್ಟ ಚಂಪಾಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಒಬ್ಬ ಹೆಂಗಸು ಕೂತಿದ್ದಳು. ಬೋಳು ಹಣೆ, ಬೋಳು ಕೈ. ಅಡಿವೆಪ್ಪನ ತಂಗಿ ನಿಂಬೆವ್ವ. ಗಂಡ ತೀರಿದ ಮೇಲೆ ಅಣ್ಣನ ಮನೆಯಲ್ಲಿ ಕಸ ಮುಸುರೆ ಮಾಡಿಕೊಂಡಿದ್ದವಳು. ಕೂಸು ಇನ್ನಾರ ಬಳಿಯೂ ನಿಲ್ಲುವುದಿಲ್ಲವೆಂದು ಕರೆತಂದಿದ್ದರೇ ಹೊರತು, ಹಾಡುವ ಸಾಲಿನಲ್ಲಾಗಲಿ ಉಣ್ಣುವ ಸಾಲಿನಲ್ಲಾಗಲಿ ಅವಳಿಗೆ ಜಾಗವಿರಲಿಲ್ಲ.

ಹೋಳಿಗೆ ಬಡಿಸಿದರು, ತುಪ್ಪ ಹೊಯ್ದರು. ಸಾವಂತ್ರೆವ್ವ ಸೆರಗನ್ನು ಕಿವಿಯ ಹಿಂದೆ ಸಿಕ್ಕಿಸಿದಳು.

"ಬೀಗರ ಮೀಸಿ ನೋಡ ಬಾಗಿಲದಾಗ ಹಿಡಿಸಲ್ಲ
ಸಾಗಿ ಬರ್ರೆವ್ವ ಕತ್ತರಿ | ತರ್ರೆವ್ವ
ತೂಗಿ ಮಾರೋಣು ಸಂತ್ಯಾಗ"

ಹಂದರ ನಗೆಯಿಂದ ತುಂಬಿತು. ಅಡಿವೆಪ್ಪ ಮೀಸೆ ತಿರುವಿ, "ಹೂಂ, ಬರ್ಲಿ ಬರ್ಲಿ" ಅಂದ. ಬೀಗತಿ ಗಂಟಲು ಸರಿಮಾಡಿಕೊಂಡು ತಿರುಗಿ ಹಾಡಿದಳು. ಒಳ್ಳೆಯ ಕಂಠವೇ, ಸುಳ್ಳು ಯಾಕೆ ಹೇಳಲಿ.

"ಹೋಳಿಗಿ ತಟ್ಟ್ಯಾರ ಹಾಳಿಗಿಂತ ತೆಳ್ಳಗ
ಗಾಳಿಗಿ ಹಾರಿ ಹೋದಾವು | ಬೀಗತಿ
ತೋಳಾಗ ಕಸುವು ಇಲ್ಲೇನ"

ಹೀಗೆ ಕೊಟ್ಟು ತಗೊಂಡು ನಡೆಯಿತು. ರಾಚಪ್ಪನ ಮುಖ ತಿಳಿಯಾಯಿತು. ಉಸ್ಸೆಂದು ಹೆಗಲ ವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡ. ಎರಡನೆಯ ಸಲ ಹೋಳಿಗೆ ಬಂತು. ಎಲ್ಲರ ಕೈಯೂ ಎಲೆಯಲ್ಲಿತ್ತು. ಆಗ ಸಾವಂತ್ರೆವ್ವ ಅದೇ ಧಾಟಿಯಲ್ಲಿ, ದನಿಯನ್ನು ಒಂದಿಷ್ಟೂ ಏರಿಸದೆ ಎತ್ತಿಕೊಂಡಳು.

"ಕೊಟ್ಟೀವಿ ಗಿಳಿಯೊಂದು ಪಟ್ಟೆಸೀರಿ ಉಡಿಸಿ
ಬಿಟ್ಟು ಬಂದೀವಿ ನಿಮ್ಮನ್ಯಾಗ | ಬೀಗತಿ
ಕೊಟ್ಟ ಗಿಳಿ ಎಲ್ಲಿ ತೋರವ್ವ"

ನಗಲು ತೆರೆದ ಬಾಯಿಗಳು ಹಾಗೆಯೇ ನಿಂತವು. ನಾನು ಸೊಲ್ಲು ಹಿಡಿಯಬೇಕಾದವಳು. ಹಿಡಿದೆ. "ಕೊಟ್ಟ ಗಿಳಿ ಎಲ್ಲಿ ತೋರವ್ವ" ಎಂದು ನಾವೆಲ್ಲ ಕೂಡಿ ಮತ್ತೊಮ್ಮೆ ಅಂದೆವು. ಬೀಗತಿ ಗಂಡನ ಮುಖ ನೋಡಿದಳು. ಉತ್ತರ ಕೊಡದಿದ್ದರೆ ಸೋಲು. ಅವಳು ಜಾಣೆ, ತಡವರಿಸಲಿಲ್ಲ.

"ಬೇನಿ ಬಂದಿತವ್ವ ನಾವೇನು ಮಾಡೂಣು
ದೇನಿಸಿ ದೇವರ ಬೇಡೀವಿ | ಗಿಳಿ ತಾ
ಬಾನಿಗಿ ಹಾರಿ ಹೋಗ್ಯಾದ"

ಚಾವಡಿಯ ಹಿರಿಯರೊಬ್ಬರು ಉಪಚಾರಕ್ಕೆಂಬಂತೆ "ಶಿವಾ ಶಿವಾ" ಅಂದರು. ಎಂದಿನಂತೆ ಅಲ್ಲಿಗೆ ಮುಗಿಯಿತೆಂದುಕೊಂಡಿರಬೇಕು. ಸಾವಂತ್ರೆವ್ವ ಕಿವಿಯ ಹಿಂದಿನ ಸೆರಗನ್ನು ಇನ್ನೂ ಸ್ವಲ್ಪ ಹಿಂದಕ್ಕೆ ತಳ್ಳಿಕೊಂಡಳು. ಬುಗುಡಿ ಅಲುಗಿತು.

"ಹಾರುವ ಗಿಳಿಗಿ ನೀರು ಕೊಟ್ಟವರ್ಯಾರ
ಆರಿತ್ತೊ ಬಾಯಿ ಒಣಗಿತ್ತೊ | ಆ ಹೊತ್ತು
ಯಾರಿದ್ರ ಹೇಳ್ರಿ ಬದಿಯಾಗ"

ಆಕೆಗೆ ಏನೂ ಗೊತ್ತಿರಲಿಲ್ಲ. ಇದನ್ನು ಒತ್ತಿ ಹೇಳುತ್ತೇನೆ; ಯಾಕೆಂದರೆ ಆಮೇಲೆ ಜನ, ಅವಳಿಗೆ ಎಲ್ಲ ತಿಳಿದಿತ್ತು, ಹೊಂಚು ಹಾಕಿ ಮಾಡಿದಳು ಎಂದರು. ಸಾಯುವವರ ಬಾಯಿಗೆ ಯಾರು ನೀರು ಬಿಟ್ಟರು ಎಂದು ಯಾವ ತವರಿನವರೂ ಕೇಳುತ್ತಾರೆ. ಅದೊಂದು ಪ್ರಶ್ನೆಗೆ ಆ ಮನೆಯವರಲ್ಲಿ ಉತ್ತರವಿರಲಿಲ್ಲ. ಮದುಮಗ ಹೋಳಿಗೆಯನ್ನು ಚೂರು ಚೂರು ಮಾಡುತ್ತ ತಲೆ ತಗ್ಗಿಸಿದ. "ಯಾರಿದ್ರ ಹೇಳ್ರಿ ಬದಿಯಾಗ" ಎಂದು ನಾವು ಮತ್ತೆ ಅಂದೆವು. ಈ ಸಲ ನಮ್ಮ ಹಿಂದೆ ಬಡಿಸಲು ನಿಂತಿದ್ದ ಹೆಂಗಸರೂ, ಮಾಳಿಗೆಯಿಂದ ಬಗ್ಗಿ ನೋಡುತ್ತಿದ್ದ ನೆರೆಮನೆಯವರೂ ದನಿ ಕೂಡಿಸಿದರು.

"ಏನಿದು ಬೀಗ್ರ, ಮದುವಿ ಮನ್ಯಾಗ ಸತ್ತವರ ಹಾಡು!" ಎಂದು ಅಡಿವೆಪ್ಪ ಗುಡುಗಿದ. ರಾಚಪ್ಪ ಕೈ ಮುಗಿದುಕೊಂಡು, "ಅಕ್ಕಾ, ಸಾಕು, ಮಂಗಳ ಹಾಡಿಬಿಡು, ನಿನ್ನ ಕಾಲಿಗಿ ಬೀಳ್ತೀನಿ" ಎಂದು ಗೋಗರೆದ. ಸಾವಂತ್ರೆವ್ವ ಅವನತ್ತ ನೋಡಲಿಲ್ಲ. ಬೀಗತಿಯ ಬಾಯಿಯನ್ನೇ ನೋಡುತ್ತ ಕೇಳಿದ್ದನ್ನೇ ಮತ್ತೆ ಕೇಳಿದಳು. ಎಲೆ ಬಿಟ್ಟು ಏಳುವಂತಿಲ್ಲ. ಎದ್ದರೆ ಸುತ್ತೂರಲ್ಲಿ ತಲೆ ಎತ್ತುವಂತಿಲ್ಲ. ಅಡಿವೆಪ್ಪ ಕೂತಲ್ಲಿಂದಲೇ ಮೂಲೆಗೆ ಎಂಜಲು ಕೈ ಬೀಸಿ ಅರಚಿದ:

"ಏನ್ ನೋಡ್ತೀರೋ! ಊದ್ರೋ! ಜೋರಲೆ ಊದ್ರೋ!"

ಸನಾದಿಯವರು ಊದಿದರು. ಹೆಂಗಸರ ದನಿ ಅದರಡಿ ಮುಳುಗಿತು. ಎಲ್ಲ ಮುಗಿಯಿತು ಎಂದು ನಾನು ಅಂದುಕೊಂಡೆ.

ಕಂಬದ ಹತ್ತಿರ ನಿಂಬೆವ್ವ ಎದ್ದು ನಿಂತಿದ್ದಳು. ಚಂಪಾ ಅವಳ ಸೊಂಟದ ಮೇಲಿತ್ತು. ಅವಳು ಸನಾದಿಯವರ ಕಡೆಗೆ ನೋಡುತ್ತಿದ್ದಳು. ಆಮೇಲೆ ಗಂಡಸರ ಸಾಲಿಗೂ ಹೆಂಗಸರ ಸಾಲಿಗೂ ನಡುವೆ, ಬೋಳು ಹಣೆಯ ಹೆಂಗಸು ಮದುವೆಯ ಹಂದರದಲ್ಲಿ ಎಂದೂ ಕಾಲಿಡದ ಜಾಗಕ್ಕೆ, ನಡೆದುಬಂದಳು.

"ಅವತ್ತೂ ಹಿಂಗ ಊದಿಸಿದ್ರಿ!" ಎಂದು ಚೀರಿದಳು. "ಅಣ್ಣಾ, ಅವತ್ತೂ ಹಿಂಗ ಜೋರಲೆ ಊದ್ರಿ ಅಂದಿದ್ರಿ!"

ಸನಾದಿಯ ಮುದುಕ ಅವಳ ಮುಖ ನೋಡಿದ. ಅಂದು ಊದಿದವನೂ ಅವನೇ. ವಾದ್ಯವನ್ನು ಬಾಯಿಂದ ತೆಗೆದು ತೊಡೆಯ ಮೇಲಿಟ್ಟುಕೊಂಡ. ಅಡಿವೆಪ್ಪ ಮತ್ತೆ ಅರಚಿದರೂ ಎತ್ತಲಿಲ್ಲ. ಆ ನಿಶ್ಶಬ್ದದಲ್ಲಿ ನಿಂಬೆವ್ವ ಬೀಗರ ಹಾಡಿನ ಅದೇ ಧಾಟಿಯಲ್ಲಿ ಉತ್ತರ ಎತ್ತಿದಳು. ಎಷ್ಟೋ ವರ್ಷ ಹಾಡದ ಗಂಟಲು. ಒಡೆದು ಒಡೆದು ಬಂತು.

"ಚಿಲಕ ಇಕ್ಕಿದ್ರವ್ವ ಹೊರಗಿಂದ ಬಾಗಿಲಿಗಿ
ಗಲಗಲ ಬಳಿ ಬಡಿದಾವು | ಒಳಗಿನ
ಅಳು ಸನಾದ್ಯಾಗ ಮುಳುಗೀತ

ನೀರಿಗಿ ಕರದಾಳ ಹೆಸರ್ಹಿಡಿದು ಕರದಾಳ
ದ್ವಾರಕ್ಕ ಕಾವಲ ಇಟ್ಟಾರ | ನಾ ತುಂಬಿದ
ಚರಿಗಿ ಹಿಡಕೊಂಡು ನಿಂತಿದ್ದೆ"

ಸಾವಂತ್ರೆವ್ವನ ಕೈ ಕಿವಿಯ ಮೇಲೇ ಇತ್ತು. ಕಣ್ಣು ಮುಚ್ಚಿತ್ತು.

ಹಾಡಿನಲ್ಲಿದ್ದುದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಆದರೂ ನಿಂಬೆವ್ವ ನಿಲ್ಲಿಸಲಿಲ್ಲ, ಹಾಡು ಮಾತಾಯಿತು. ಅಂದು ಅಡಿವೆಪ್ಪನಿಗೆ ಹಿರೇತನದ ಪಟಗ ಸುತ್ತುವ ದಿನ. ಸುತ್ತೂರಿನ ಪಂಚರೆಲ್ಲ ಊಟಕ್ಕೆ ಬಂದಿದ್ದರು. ಹಿಂದಿನ ದಿನ ಗೌರವ್ವ ಹೆತ್ತಿದ್ದ ಕೂಸು ಸತ್ತೇ ಹುಟ್ಟಿತ್ತು, ಅದೂ ಹೆಣ್ಣು. ಬಾಣಂತಿಗೆ ಮೈ ಸುಡುವ ಜ್ವರ ಏರಿತ್ತು. ಸೂಲಗಿತ್ತಿ ಡಾಕ್ಟರನ್ನು ಕರೆಸಿರೆಂದು ಹೇಳಿ ಹೋಗಿದ್ದಳು. ಕರೆಸಿದರೆ ಸತ್ತ ಕೂಸಿನ ಸುದ್ದಿ ಹೊರಬೀಳುತ್ತದೆ, ಮನೆಯಲ್ಲಿ ಸೂತಕ ಎಂದಾಗುತ್ತದೆ, ಪಟಗ ನಿಲ್ಲುತ್ತದೆ. ಅದಕ್ಕೇ ಒಳಕೋಣೆಗೆ ಹೊರಗಿನಿಂದ ಚಿಲಕ ಹಾಕಿದರು. ಮಗನನ್ನು ಬಾಗಿಲಿಗೆ ನಿಲ್ಲಿಸಿದರು. ನರಳುವುದು ಕೇಳಬಾರದೆಂದು ಸನಾದಿಯವರಿಗೆ ಬಿಡುವು ಕೊಡಲಿಲ್ಲ. ಪಂಚರು ಉಂಡು, ಕೈ ತೊಳೆದು, ಎಲೆ ಅಡಿಕೆ ಹಾಕಿಕೊಂಡು ಹೋದ ಮೇಲೆ ಬಾಗಿಲು ತೆರೆದರು.

"ಚರಿಗಿ ಕೊಡಾಕ ಹೋದೆ," ಅಂದಳು ನಿಂಬೆವ್ವ, ಮದುಮಗನ ಕಡೆಗೆ ಬೆರಳು ಮಾಡಿ. "ಈ ಪುಣ್ಯಾತ್ಮ ಬಾಗಿಲಿಗಿ ಬೆನ್ನು ಹಚ್ಚಿ ನಿಂತಿದ್ದ. ಸರಿಯೋ ತಮ್ಮಾ ಅಂದೆ. ಅತ್ತೀ, ಅಪ್ಪ ಬೈತಾನ ಅಂದ."

ರಾಚಪ್ಪ, ಹೆತ್ತ ತಂದೆ, ಆಗಲೂ ಏನಂದ ಗೊತ್ತೇ? "ಹಾಡಿನ್ಯಾಗ ಹೆಂಗಸರು ಏನೇನೋ ಅಂತಿರ್ತಾರ, ಬೀಗ್ರು ಮನಸಿಗಿ ಹಚ್ಚಿಕೋಬಾರ್ದು" ಅಂದ. ಅಷ್ಟು ಕೇಳಿದ ಮೇಲೂ ಸಂಬಂಧ ಉಳಿಸಿಕೊಳ್ಳಲು ನೋಡಿದ! ಸಾವಂತ್ರೆವ್ವ ಎದ್ದು ನಿಂತಳು.

"ಹೌದು ತಮ್ಮಾ, ಹಾಡಿನ ಮಾತು. ಸುಳ್ಳಾದ್ರ ಹಾಡಿನ್ಯಾಗ ಸುಳ್ಳು ಅನ್ನಲಿ. ಏ ಬೀಗತಿ, ನಿನ್ನ ಕಂಠ ಛಲೋ ಐತಿ. ಚಿಲಕ ಹಾಕಿರಲಿಲ್ಲ ಅಂತ ಒಂದ ಸೊಲ್ಲು ಹಾಡು. ನಾ ಈಗಿಂದೀಗ ಮಂಗಳ ಹಾಡ್ತೀನಿ."

ಎಲ್ಲರೂ ಕಾದರು. ಬೀಗತಿ ಬಾಯಿ ತೆರೆದಳು, ಮುಚ್ಚಿದಳು, ಸೆರಗಿನಲ್ಲಿ ಮುಖ ಮರೆಮಾಡಿಕೊಂಡಳು. ಎಷ್ಟಾದರೂ ಹಾಡಿಕೊಂಡು ಬಂದ ಹೆಂಗಸು. ಮಾತಿನಲ್ಲಿ ಎಷ್ಟು ಸುಳ್ಳು ಬೇಕಾದರೂ ಹೇಳಿಯಾಳು, ಆ ಧಾಟಿಯಲ್ಲಿ ಅವಳಿಗೆ ಆಗಲಿಲ್ಲ.

ಅಡಿವೆಪ್ಪ ಎಲೆ ಬಿಟ್ಟು ಎದ್ದ. ಅವನ ಹಿಂದೆ ಮಗ, ಆಮೇಲೆ ಸಾಲಿಗೆ ಸಾಲೇ. ಕೋಣೆಯ ಬಾಗಿಲಿಗೆ ಕಸ್ತೂರಿ ಬಂದಿದ್ದಳು. ಕೈಯ ಕಂಕಣವನ್ನು ಹಲ್ಲಿನಿಂದ ಕಚ್ಚಿ ಹರಿದು, ತಂದೆಯ ಮುಂದೆ ಉಳಿದಿದ್ದ ಎಂಜಲೆಲೆಯಲ್ಲಿ ಹಾಕಿದಳು.

"ಅಪ್ಪಾ, ಈಗ ಹೇಳು. ಹೋಗ್ಲೇನು?"

ರಾಚಪ್ಪನಿಗೆ ಉತ್ತರ ಕೊಡುವ ಧೈರ್ಯವೂ ಇರಲಿಲ್ಲ, ಕೊಡದಿರುವ ಧೈರ್ಯವೂ ಇರಲಿಲ್ಲ. ತಲೆ ಅಲ್ಲಾಡಿಸಿದ. ಬೇಡ ಎಂದು ಅಲ್ಲಾಡಿಸಿದ ಎಂದೇ ನಾವು ಲೆಕ್ಕ ಹಿಡಿದೆವು. ಅಡಿವೆಪ್ಪ ಅಂಗಳದಲ್ಲಿ ನಿಂತು ತಂಗಿಗೆ ಬೆರಳು ತೋರಿಸಿ, "ನಿಂಬೀ, ನನ್ನ ಮನಿ ಹೊಸ್ತಿಲ ತುಳದೀ, ಕಾಲು ಮುರೀತೀನಿ" ಅಂದ. ಅವಳು ಹೂಂ ಅಂದಳು. ಬಂಡಿಗಳು ಹೂವು, ಸೀರೆ ಪತ್ತಲಗಳ ಸಮೇತ ಬಂದ ದಾರಿ ಹಿಡಿದವು.

ಗೌರವ್ವನ ಸಾವಿಗೆ ಶಿಕ್ಷೆ ಆಯಿತೇ ಎಂದು ನೀವು ಕೇಳಬಹುದು. ಇಲ್ಲ. ಹಾಡು ಸಾಕ್ಷಿಯಾಗುವುದಿಲ್ಲ, ಹಂದರದಲ್ಲಿ ಹೆಂಗಸು ಆಡಿದ ಮಾತೂ ಆಗುವುದಿಲ್ಲ ಎಂದರು. ಚಾವಡಿಯವರು ಮಾತ್ರ ಅದೇ ವಾರ ಸೇರಿ ಬೀಗರ ಹಾಡು ಅಸಭ್ಯ, ಇನ್ನು ಮುಂದೆ ಮದುವೆಗಳಲ್ಲಿ ಅದು ಬೇಡ, ವಾದ್ಯ ಸಾಕು ಎಂದು ಕಟ್ಟಳೆ ಮಾಡಿದರು. ಹೆಂಗಸರು ಮೂಗು ಮೀಸೆಗಳನ್ನು ಬೈದಷ್ಟು ಕಾಲ ಅದು ಸಭ್ಯವಾಗಿತ್ತು. ಒಂದು ನಿಜ ಕೇಳಿದೊಡನೆ ಅಸಭ್ಯವಾಯಿತು! ಆದರೆ ಹಾಡಿಗೆ ಹಂದರವೇ ಬೇಕೆಂದೇನೂ ಇಲ್ಲವಲ್ಲ. ಬೀಸುಕಲ್ಲಿನ ಮುಂದೆ, ಕಳೆ ತೆಗೆಯುವ ಸಾಲಿನಲ್ಲಿ, ನೀರಿನ ಹಾದಿಯಲ್ಲಿ ನಿಂಬೆವ್ವನ ಆ ಎರಡು ಸೊಲ್ಲುಗಳು ಊರಿಂದೂರಿಗೆ ಹೋದವು. ಗಚ್ಚಿನ ಮನೆಯವರು ಹೆಣ್ಣು ಕೇಳಲು ಹೋದ ಊರಿಗೆಲ್ಲ ಅವರಿಗಿಂತ ಮೊದಲೇ ಹೋಗಿ ಕೂತಿರುತ್ತಿದ್ದವು. ಯಾವ ತಾಯಿಯೂ ಆ ಮನೆಗೆ ಮಗಳನ್ನು ಕೊಡಲಿಲ್ಲ.

ಆ ಮಧ್ಯಾಹ್ನದ ಒಂದು ಮಾತು ಹೇಳುವುದು ಉಳಿದಿದೆ. ಬಂಡಿಗಳ ಸದ್ದು ಅಡಗಿದ ಮೇಲೆ ನಾವೆಲ್ಲ ಹಂದರದಲ್ಲಿ ನಿಂತೇ ಇದ್ದೆವು. ಆಗ ನಮ್ಮ ಕಣ್ಣಿಗೆ ಬಿದ್ದದ್ದು ಚಂಪಾ. ನಿಂಬೆವ್ವನ ಸೊಂಟದ ಮೇಲೆ ಕೂತು ಬೆರಳು ಚೀಪುತ್ತಿತ್ತು. ಕೂಸಿನ ಸಲುವಾಗಿ, ಕೂಸಿನ ಸಲುವಾಗಿ ಎಂದು ಊರೆಲ್ಲ ಕಣ್ಣೀರು ಹಾಕಿದ್ದವರು ಕೂಸನ್ನು ಮರೆತು ಹೋಗಿದ್ದರು. ಮರೆತದ್ದಲ್ಲ, ಬೆಳ್ಳಿಯ ತಟ್ಟೆಗಳನ್ನು ಎಣಿಸಿಕೊಂಡೇ ಒಯ್ದಿದ್ದರು. ಯಾರಾದರೂ ತಿರುಗಿ ಬಂದಾರೆಂದು ಬಹಳ ಹೊತ್ತು ಹಾದಿಯ ಕಡೆ ನೋಡಿದೆವು. ಯಾರೂ ಬರಲಿಲ್ಲ.

ಮೊದಲು ಅಲುಗಿದವಳು ಕಸ್ತೂರಿಯ ತಾಯಿ. ಒಳಗೆ ಹೋಗಿ ಹೊಸ ಎಲೆ ತಂದು, ಅಡಿವೆಪ್ಪ ಕೂತಿದ್ದ ಮೊದಲ ಜಾಗದಲ್ಲಿ ಹಾಸಿ, ನಿಂಬೆವ್ವನ ರಟ್ಟೆ ಹಿಡಿದು ಕೂರಿಸಿದಳು. "ಉಣ್ಣರಿ" ಅಂದಳು. ನಿಂಬೆವ್ವ ಸುತ್ತ ನೋಡಿದಳು. ಹಂದರದ ಸಾಲಿನಲ್ಲಿ ಕೂತು ಉಂಡು ಎಷ್ಟು ಕಾಲವಾಗಿತ್ತೋ, ಅವಳ ಕೈ ಎಲೆಗೆ ಹೋಗಲಿಲ್ಲ. ಕಸ್ತೂರಿ ಪಕ್ಕದಲ್ಲಿ ಕೂತು ಕೂಸನ್ನು ತನ್ನ ತೊಡೆಗೆ ಎಳೆದುಕೊಂಡಳು, ಹೋಳಿಗೆ ಮುರಿದು ತುಪ್ಪದಲ್ಲಿ ಅದ್ದಿ ಬಾಯಿಗಿಟ್ಟಳು. ಚಂಪಾ ಅದನ್ನು ಅಗಿಯುತ್ತ ಹೊಸ ಮುಖವನ್ನು ಕಣ್ಣು ಮಿಟುಕಿಸದೆ ನೋಡಿತು. ಮಾರನೆಯ ದಿನದ ಮದುವೆಗೆಂದು ಕಸ್ತೂರಿಯ ಕೈಗೆ ಹಚ್ಚಿದ್ದ ಅರಿಷಿಣ ಇನ್ನೂ ಹಸಿಯಾಗಿತ್ತು. ತುತ್ತಿಗೊಮ್ಮೆ ಅದು ಕೂಸಿನ ಗಲ್ಲಕ್ಕೆ ಹತ್ತುತ್ತ ಹೋಯಿತು.